ದುರ್ಗದ ಆರು ಸೀಟು: ಮೈದಾನ ತುಂಬುತ್ತದೆ, ಓಟು ಎಲ್ಲಿ ಹೋಗುತ್ತದೆ?

ಚಿತ್ರದುರ್ಗ ಜಿಲ್ಲೆಯಲ್ಲಿ ವಿಧಾನಸಭೆಯ ಸೀಟು ಆರು. 2018ರಲ್ಲಿ ಐದು ಬಿಜೆಪಿಗೆ ಬಂದವು, ಒಂದು ಕಾಂಗ್ರೆಸ್ಸಿಗೆ. 2023ರಲ್ಲಿ ಐದು ಕಾಂಗ್ರೆಸ್ಸಿಗೆ, ಒಂದು ಬಿಜೆಪಿಗೆ. ಕಾವಲಿ ಮೇಲಿನ ದೋಸೆ ಮಗುಚಿ ಹಾಕಿದ ಹಾಗೆ. ಎರಡೂ ಸಲ ಪ್ರಧಾನಿ ನರೇಂದ್ರ ಮೋದಿ ದುರ್ಗಕ್ಕೆ ಬಂದು ಭಾಷಣ ಮಾಡಿದ್ದರು. 2018ರಲ್ಲಿ ಮೇ 6ಕ್ಕೆ, 2023ರಲ್ಲಿ ಮೇ 2ಕ್ಕೆ. ಅದೇ ಊರು, ಅದೇ ಮೇ ತಿಂಗಳ ಬಿಸಿಲು, ಅದೇ ಭಾಷಣಕಾರರು. ಫಲಿತಾಂಶ ಮಾತ್ರ ತಲೆಕೆಳಗು.

ಮುಂದಿನ ವಿಧಾನಸಭಾ ಚುನಾವಣೆ ಇರುವುದು 2028ಕ್ಕೆ. ಕಾಂಗ್ರೆಸ್ಸಿಗೆ ಐದನ್ನು ಉಳಿಸಿಕೊಳ್ಳುವ ಚಿಂತೆ, ಬಿಜೆಪಿಗೆ ಕಳೆದುಕೊಂಡ ನಾಲ್ಕನ್ನು ವಾಪಸ್ ತರುವ ಚಿಂತೆ. ಸಮಾವೇಶ, ಪಾದಯಾತ್ರೆ, ಸದಸ್ಯತ್ವ ಅಭಿಯಾನ ಎಲ್ಲ ಒಂದೊಂದಾಗಿ ಬರುತ್ತವೆ. ಟೀವಿಯವರು ಕುರ್ಚಿ ಎಷ್ಟು ತುಂಬಿತ್ತು ಎಂದು ತೋರಿಸುತ್ತಾರೆ. ಆದರೆ ಈ ಜಿಲ್ಲೆಯ ಕಳೆದ ಎರಡು ಮೂರು ಚುನಾವಣೆ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಇಲ್ಲಿ ಓಟು ಕದಲುವುದಕ್ಕಿಂತ ಜಾಸ್ತಿ ಮುಖಂಡರು ಕದಲುತ್ತಾರೆ. ಪಕ್ಷದ ಪ್ರಚಾರದಲ್ಲಿ ಅರ್ಧ ಎದುರಾಳಿಯನ್ನು ಸೋಲಿಸುವುದಕ್ಕೆ ಅಲ್ಲ, ತನ್ನವರನ್ನು ತನ್ನ ಹತ್ತಿರವೇ ಉಳಿಸಿಕೊಳ್ಳುವುದಕ್ಕೆ ಖರ್ಚಾಗುತ್ತದೆ.

ಮೊದಲು ರಾಜ್ಯದ ಲೆಕ್ಕ. 2018ರಲ್ಲಿ ಬಿಜೆಪಿಗೆ 104 ಸೀಟು ಬಂದಾಗ ಅದರ ಓಟು ನೂರಕ್ಕೆ 36ರ ಆಸುಪಾಸು. 2023ರಲ್ಲಿ ಸೀಟು 66ಕ್ಕೆ ಇಳಿದಾಗಲೂ ಓಟು ನೂರಕ್ಕೆ 36ರ ಆಸುಪಾಸೇ. ಕಾಂಗ್ರೆಸ್ 38ರಿಂದ ಸುಮಾರು 43ಕ್ಕೆ ಏರಿತು. ಜೆಡಿಎಸ್ 18ರಿಂದ 13ಕ್ಕೆ ಇಳಿಯಿತು. ಅಂದರೆ ರಾಜ್ಯದ ಒಟ್ಟು ಲೆಕ್ಕದಲ್ಲಿ ಬಿಜೆಪಿ ಮನೆಯ ಓಟು ಹೆಚ್ಚು ಕಮ್ಮಿ ಮನೆಯಲ್ಲೇ ಇತ್ತು. ಮಿಕ್ಕ ಓಟು ಒಂದೇ ಕಡೆ ಕೂಡಿಕೊಂಡಿತು. ಊರಿನ ಮಟ್ಟದಲ್ಲಿ ಇದು ಹೇಗೆ ಆಗುತ್ತದೆ ಎಂದು ತಿಳಿಯಬೇಕಾದರೆ ಮೊಳಕಾಲ್ಮೂರಿಗೆ ಹೋಗಬೇಕು.

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದ ತಾಲೂಕು, ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. 2013ರಲ್ಲಿ ಇಲ್ಲಿ ಗೆದ್ದವರು ಎಸ್. ತಿಪ್ಪೇಸ್ವಾಮಿ, ಶ್ರೀರಾಮುಲು ಕಟ್ಟಿದ್ದ ಬಿಎಸ್ಆರ್ ಕಾಂಗ್ರೆಸ್ಸಿನಿಂದ. 2018ಕ್ಕೆ ಬಿಜೆಪಿ ಆ ಸೀಟನ್ನು ಸ್ವತಃ ಬಿ. ಶ್ರೀರಾಮುಲು ಅವರಿಗೇ ಕೊಟ್ಟಿತು. ತಿಪ್ಪೇಸ್ವಾಮಿ ಬೆಂಬಲಿಗರು ಬೀದಿಗಿಳಿದು ಗಲಾಟೆ ಮಾಡಿದರು. ಆದರೂ ಶ್ರೀರಾಮುಲು ಗೆದ್ದರು. ಅದೇ ಸಲ ಬಾದಾಮಿಯಲ್ಲೂ ನಿಂತು ಸಿದ್ದರಾಮಯ್ಯ ವಿರುದ್ಧ 1,696 ಓಟಿನಲ್ಲಿ ಸೋತರು. 2023ಕ್ಕೆ ಶ್ರೀರಾಮುಲು ಬಳ್ಳಾರಿ ಗ್ರಾಮಾಂತರಕ್ಕೆ ಹೊರಟರು. ಮೊಳಕಾಲ್ಮೂರಿನ ಬಿಜೆಪಿ ಟಿಕೆಟ್ ಈ ಸಲ ತಿಪ್ಪೇಸ್ವಾಮಿಗೆ ಬಂತು. ಐದು ವರ್ಷದ ಹಿಂದೆ ಇವರಿಗೆ ಬೇಡ ಎಂದ ಪಕ್ಷವೇ ಇವರಿಗೆ ಓಟು ಕೊಡಿ ಎಂದು ಮೈಕ್ ಹಿಡಿಯಬೇಕಾಯಿತು.

ಆ ಕಡೆ ಕಾಂಗ್ರೆಸ್ಸಿನ ಕಥೆ ಇನ್ನೂ ಮಜವಾಗಿದೆ. ಎನ್.ವೈ. ಗೋಪಾಲಕೃಷ್ಣ ಮೊಳಕಾಲ್ಮೂರಿನ ಹಳೆ ಕಾಂಗ್ರೆಸ್ ಶಾಸಕರು. 2014ರ ಉಪಚುನಾವಣೆಯಲ್ಲಿ ಬಳ್ಳಾರಿ ಗ್ರಾಮಾಂತರದಿಂದ ಕಾಂಗ್ರೆಸ್ಸಿನಲ್ಲಿ ಗೆದ್ದರು. 2018ರಲ್ಲಿ ಬಿಜೆಪಿಗೆ ಹೋಗಿ ಪಕ್ಕದ ಕೂಡ್ಲಿಗಿಯಲ್ಲಿ ಗೆದ್ದರು. 2023ರ ಚುನಾವಣೆ ಹೊಸ್ತಿಲಲ್ಲಿ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಕಾಂಗ್ರೆಸ್ಸಿಗೆ ವಾಪಸ್ ಬಂದು, ಮೊಳಕಾಲ್ಮೂರಿನಲ್ಲಿ ನಿಂತು ಗೆದ್ದರು. ಸುದೀಪ್ ಅವರಂಥ ಸ್ಟಾರ್ ಬಂದು ಬಿಜೆಪಿ ಪರ ರೋಡ್ ಶೋ ಮಾಡಿದ್ದರೂ ಸೀಟು ಉಳಿಯಲಿಲ್ಲ. ನೆನಪಿಡಿ, ಇದು ಒಂದೇ ಸೀಟಿನ ಕಥೆ. ಹತ್ತು ವರ್ಷದಲ್ಲಿ ಮೂರು ಪಕ್ಷ, ಮೂವರು ಮುಖಂಡರು, ಕುರ್ಚಿ ಆಟ. ಪ್ರತಿ ಹಳ್ಳಿಯಲ್ಲೂ ಇವರಿಗೆ ಬೇಕಾದ ನಾಲ್ಕು ಮನೆ ಇರುತ್ತವೆ. ಮುಖಂಡ ಎದ್ದು ಹೊರಟರೆ ಆ ಮನೆಗಳೂ ಜೊತೆಗೆ ಹೊರಡುತ್ತವೆ. ಪಕ್ಷದ ಬಾವುಟ ಅಲ್ಲೇ ಕಂಬದ ಮೇಲೆ ಹಾರುತ್ತಿರುತ್ತದೆ.

ಇಲ್ಲಿ ಮೀಸಲು ಕ್ಷೇತ್ರದ ಒಂದು ಸೂಕ್ಷ್ಮ ಇದೆ. ಬೆಂಗಳೂರಿನಲ್ಲಿ ಕೂತು ತಂತ್ರ ಮಾಡುವವರು ಇದನ್ನು ಮರೆಯುವುದೇ ಜಾಸ್ತಿ ಅಂತ ನನಗನ್ನಿಸುತ್ತದೆ. 2022ರಲ್ಲಿ ಬೊಮ್ಮಾಯಿ ಸರ್ಕಾರ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇ 3ರಿಂದ 7ಕ್ಕೆ ಏರಿಸಿತು. ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿರುವ ವಾಲ್ಮೀಕಿ ಗುರುಪೀಠದ ಸ್ವಾಮೀಜಿ ಇದಕ್ಕಾಗಿ ತಿಂಗಳುಗಟ್ಟಲೆ ಧರಣಿ ಕೂತಿದ್ದರು. ದೊಡ್ಡ ಬೇಡಿಕೆ, ಈಡೇರಿತು. ಬಿಜೆಪಿ ಬಳ್ಳಾರಿಯಲ್ಲಿ ಭಾರೀ ಸಮಾವೇಶವನ್ನೂ ಮಾಡಿತು. ಆಮೇಲೆ ಏನಾಯಿತು? ರಾಜ್ಯದಲ್ಲಿ ಎಸ್‌ಟಿಗೆ ಮೀಸಲಾದ 15 ಸೀಟಿನಲ್ಲಿ ಬಿಜೆಪಿಗೆ ಒಂದೂ ಬರಲಿಲ್ಲ. 14 ಕಾಂಗ್ರೆಸ್ಸಿಗೆ, ಒಂದು ಜೆಡಿಎಸ್‌ಗೆ. ಮೊಳಕಾಲ್ಮೂರು, ಚಳ್ಳಕೆರೆ, ಪಕ್ಕದ ದಾವಣಗೆರೆ ಜಿಲ್ಲೆಯ ಜಗಳೂರು ಮೂರೂ ಆ 14ರಲ್ಲಿ ಬರುತ್ತವೆ.

ಕೃತಘ್ನತೆ ಅಂತ ಕೆಲವರು ಅಂದರು. ಅದು ಸುಮ್ನೆ ಸಿಟ್ಟಿನ ಮಾತು. ಮೀಸಲು ಕ್ಷೇತ್ರದಲ್ಲಿ ನಿಂತವರೆಲ್ಲ ಪರಿಶಿಷ್ಟ ಪಂಗಡದವರೇ. ಆ ಸಮುದಾಯದ ಓಟು ಅವರೊಳಗೇ ಹಂಚಿಹೋಗುತ್ತದೆ, ನೆಂಟಸ್ತಿಕೆ ನೋಡಿ, ಬೆಡಗು ನೋಡಿ, ಊರು ನೋಡಿ. ಹಾಗಾಗಿ ಸೋಲು ಗೆಲುವು ತೀರ್ಮಾನ ಮಾಡುವುದು ಬಹಳ ಸಲ ಉಳಿದವರು. ಲಿಂಗಾಯತರು, ಗೊಲ್ಲರು, ಕುರುಬರು, ಮಾದಿಗರು, ಮುಸ್ಲಿಮರು. ನಾಯಕ ಸಮುದಾಯಕ್ಕೆ ಮೀಸಲಾತಿ ಏರಿಸಿದ್ದು ಚಳ್ಳಕೆರೆಯ ಗೊಲ್ಲರಹಟ್ಟಿಯ ಮನೆಗೆ ಯಾಕೆ ಸಂತೋಷ ಕೊಡಬೇಕು? ಕಾಡುಗೊಲ್ಲರು ತಾವೇ ಎಸ್‌ಟಿ ಪಟ್ಟಿಗೆ ಸೇರಬೇಕೆಂದು ಎಷ್ಟೋ ಕಾಲದಿಂದ ಕೇಳುತ್ತಿದ್ದಾರೆ. ಒಬ್ಬರ ತಟ್ಟೆಗೆ ಬಡಿಸುವಾಗ ಪಕ್ಕದ ಎಲೆಯವರು ನೋಡುತ್ತಿರುತ್ತಾರೆ. ಪಂಕ್ತಿಯಲ್ಲಿ ಕೂತವರಿಗೆ ಇದು ಗೊತ್ತು.

ಹೊಸದುರ್ಗದ ಗತಿಯೂ ಹೆಚ್ಚು ಬೇರೆ ಅಲ್ಲ. ಇಲ್ಲಿ 2008ರಿಂದ ಎರಡೇ ಹೆಸರು ಅದಲು ಬದಲಾಗುತ್ತಿವೆ. 2008ರಲ್ಲಿ ಗೂಳಿಹಟ್ಟಿ ಶೇಖರ್, ಪಕ್ಷೇತರರಾಗಿ. 2013ರಲ್ಲಿ ಬಿ.ಜಿ. ಗೋವಿಂದಪ್ಪ, ಕಾಂಗ್ರೆಸ್. 2018ರಲ್ಲಿ ಗೂಳಿಹಟ್ಟಿ, ಈಗ ಬಿಜೆಪಿಯಿಂದ. 2023ರಲ್ಲಿ ಬಿಜೆಪಿ ತನ್ನ ಶಾಸಕನಿಗೇ ಟಿಕೆಟ್ ಕೊಡಲಿಲ್ಲ. ಗೂಳಿಹಟ್ಟಿ ಬಂಡಾಯ ಎದ್ದು ಪಕ್ಷೇತರರಾಗಿ ನಿಂತರು. ಬಿಜೆಪಿ ಬೇರೆಯವರನ್ನು ನಿಲ್ಲಿಸಿತು. ಗೋವಿಂದಪ್ಪ ಗೆದ್ದರು. ಹೊಸ ಮುಖ ಕೊಟ್ಟರೆ ಆಡಳಿತ ವಿರೋಧಿ ಅಲೆ ತಣ್ಣಗಾಗುತ್ತದೆ ಅನ್ನುವುದು ಹೈಕಮಾಂಡಿನ ಲೆಕ್ಕ. ಕಾಗದದ ಮೇಲೆ ಸರಿಯಾಗೇ ಕಾಣುತ್ತದೆ. ಆದರೆ ಹಳೆ ಮುಖ ಮನೆಯಲ್ಲಿ ಕೂರುವುದಿಲ್ಲ, ಕಣಕ್ಕೇ ಬಂದು ನಿಲ್ಲುತ್ತದೆ. ಆಗ ಪಕ್ಷ ಎದುರಾಳಿ ಜೊತೆ ಹೋರಾಡಬೇಕೋ ತನ್ನ ನಿನ್ನೆಯ ಶಾಸಕನ ಜೊತೆಯೋ?

ಹೊಸದುರ್ಗದವರು ದೊಡ್ಡ ಹೆಸರಿಗೆ ಹೆದರುವವರೂ ಅಲ್ಲ. 1962ರಲ್ಲಿ ಎಸ್. ನಿಜಲಿಂಗಪ್ಪನವರಂಥ ನಿಜಲಿಂಗಪ್ಪನವರನ್ನೇ ಇಲ್ಲಿ ಸೋಲಿಸಿ ಕಳಿಸಿದ್ದರು. ಮುಖ್ಯಮಂತ್ರಿ ಆಗಬೇಕಿದ್ದವರು. ಸುಮಾರು ಮೂರು ತಿಂಗಳು ಎಸ್.ಆರ್. ಕಂಠಿ ಆ ಕುರ್ಚಿಯಲ್ಲಿ ಕೂತಿದ್ದು, ನಿಜಲಿಂಗಪ್ಪ ಬಾಗಲಕೋಟೆಯಿಂದ ಗೆದ್ದು ಬಂದ ಮೇಲೆ ಬಿಟ್ಟುಕೊಟ್ಟರು. ಇನ್ನೊಂದು ಸಂಗತಿ: 2008ರಲ್ಲಿ ಬಿಜೆಪಿ 110ಕ್ಕೆ ನಿಂತು, ಆರು ಜನ ಪಕ್ಷೇತರರ ಕೈ ಹಿಡಿದು ಸರ್ಕಾರ ಮಾಡಿತಲ್ವಾ? ಆ ಆರರಲ್ಲಿ ಇಬ್ಬರು ಈ ಜಿಲ್ಲೆಯವರು. ಹೊಸದುರ್ಗದ ಗೂಳಿಹಟ್ಟಿ, ಹಿರಿಯೂರಿನ ಡಿ. ಸುಧಾಕರ್. ಚಿಹ್ನೆ ಇಲ್ಲದೆಯೂ ಗೆಲ್ಲಬಹುದು ಎಂದು ಒಮ್ಮೆ ಕಂಡುಕೊಂಡ ಜಿಲ್ಲೆಯಲ್ಲಿ ಪಕ್ಷ ತನ್ನ ಅಭ್ಯರ್ಥಿಗೆ ಕೊಡುವ ಬಿ ಫಾರಂ ತೋರಿಸಿ ಹೆದರಿಸುವುದು ಕಷ್ಟ.

ಹಾಗಂತ ಯಾರೂ ಒಂದು ಕಡೆ ನಿಲ್ಲುವುದೇ ಇಲ್ಲ ಅಂತಲ್ಲ. ಚಳ್ಳಕೆರೆಯಲ್ಲಿ ಟಿ. ರಘುಮೂರ್ತಿ 2013, 2018, 2023 ಮೂರೂ ಸಲ ಕಾಂಗ್ರೆಸ್ಸಿನಿಂದ ಗೆದ್ದರು. 2018ರಲ್ಲಿ ಜಿಲ್ಲೆ ಪೂರ್ತಿ ಬಿಜೆಪಿ ಕಡೆ ವಾಲಿದಾಗ ಉಳಿದುಕೊಂಡ ಒಂದೇ ಕಾಂಗ್ರೆಸ್ ಸೀಟು ಅದು. ಹೊಳಲ್ಕೆರೆಯಲ್ಲಿ ಬಿಜೆಪಿಯ ಎಂ. ಚಂದ್ರಪ್ಪ 2018ರಲ್ಲೂ 2023ರಲ್ಲೂ ಗೆದ್ದರು, ಎದುರಿಗಿದ್ದವರು ಮಾಜಿ ಸಚಿವ ಎಚ್. ಆಂಜನೇಯ. ಆ ಎರಡು ಚುನಾವಣೆಯಲ್ಲಿ ಒಂದೊಂದು ಸಲ ಅಲೆಯ ವಿರುದ್ಧ ನಿಂತ ಸೀಟುಗಳು ಇವೆರಡೇ. ಎರಡರಲ್ಲೂ ಪಕ್ಷ ಅಭ್ಯರ್ಥಿಯನ್ನು ಬದಲಿಸಲಿಲ್ಲ, ಅಭ್ಯರ್ಥಿ ಪಕ್ಷ ಬದಲಿಸಲಿಲ್ಲ.

ಮಠಗಳ ವಿಷಯಕ್ಕೆ ಬಂದರೆ, ಚಿತ್ರದುರ್ಗದಷ್ಟು ಮಠಗಳಿರುವ ಜಿಲ್ಲೆ ಕಡಿಮೆ. ಮುರುಘಾ ಮಠ, ಸಿರಿಗೆರೆಯ ತರಳಬಾಳು ಬೃಹನ್ಮಠ, ಮಾದಾರ ಚೆನ್ನಯ್ಯ ಗುರುಪೀಠ, ಭೋವಿ ಗುರುಪೀಠ, ಇನ್ನೂ ಹಲವು. ಚುನಾವಣೆ ಹತ್ತಿರ ಬಂದಂತೆ ಕಾರುಗಳ ಸಾಲು ಈ ಕಡೆ ತಿರುಗುತ್ತದೆ. 2018ರಲ್ಲಿ ಅಮಿತ್ ಶಾ ಬಂದರು. 2022ರ ಆಗಸ್ಟ್ 3ರಂದು ರಾಹುಲ್ ಗಾಂಧಿ ಮುರುಘಾ ಮಠಕ್ಕೆ ಬಂದು ಇಷ್ಟಲಿಂಗ ದೀಕ್ಷೆ ಪಡೆದರು, ಅದೇ ದಿನ ದಾವಣಗೆರೆಯಲ್ಲಿ ಸಿದ್ದರಾಮಯ್ಯನವರ 75ನೇ ಹುಟ್ಟುಹಬ್ಬದ ಅಮೃತ ಮಹೋತ್ಸವ. ಫೋಟೊ ಎಲ್ಲ ಪೇಪರಿನಲ್ಲೂ ಬರುತ್ತದೆ. ಇದರಿಂದ ಓಟು ಬರುತ್ತದೆಯೇ? ನನಗೆ ನಂಬಿಕೆ ಕಡಿಮೆ. ಭಕ್ತರು ಸ್ವಾಮಿಗಳ ಕಾಲಿಗೆ ಬೀಳುತ್ತಾರೆ, ಓಟು ತಮಗೆ ಬೇಕಾದವರಿಗೆ ಹಾಕುತ್ತಾರೆ. ಮಠಕ್ಕೆ ಹೋಗದೇ ಇದ್ದರೆ ಮಾತ್ರ "ನಮ್ಮ ಮಠ ಕಾಣಲಿಲ್ವಾ" ಎನ್ನುವ ಮಾತು ಹುಟ್ಟುತ್ತದೆ. ಮದುವೆ ಮನೆಗೆ ಹೋಗಿ ಮುಯ್ಯಿ ಓದಿಸಿ ಬಂದ ಹಾಗೆ. ಹೋದರೆ ಲಾಭ ಏನಿಲ್ಲ, ಹೋಗದಿದ್ದರೆ ನಷ್ಟ.

ಹಾಗಾದರೆ 2023ರಲ್ಲಿ ಕಾಂಗ್ರೆಸ್ ಮಾಡಿದ ಪ್ರಚಾರದಲ್ಲಿ ಯಾವುದು ತಟ್ಟಿತು? 2022ರ ಅಕ್ಟೋಬರಿನಲ್ಲಿ ಭಾರತ್ ಜೋಡೊ ಯಾತ್ರೆ ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ದಾಟಿ ಹೋಯಿತು. ಮೂರೂ ಕಾಂಗ್ರೆಸ್ಸಿಗೆ ಬಂದವು. ಯಾತ್ರೆಯ ಫಲ ಅನ್ನಬಹುದಿತ್ತು. ಆದರೆ ಯಾತ್ರೆಯ ಮುಖ್ಯ ದಾರಿಯಲ್ಲಿ ಇರದ ಚಿತ್ರದುರ್ಗ, ಹೊಸದುರ್ಗವೂ ಬಂದವು. 2023ರ ಜನವರಿಯಲ್ಲಿ ಚಿತ್ರದುರ್ಗದಲ್ಲಿ ಎಸ್‌ಸಿ ಎಸ್‌ಟಿ ಐಕ್ಯತಾ ಸಮಾವೇಶ ನಡೆಯಿತು. ಆದರೆ ಎಸ್‌ಸಿ ಮೀಸಲು ಸೀಟಾದ ಹೊಳಲ್ಕೆರೆಯೇ ಕೈ ತಪ್ಪಿತು. ಯಾತ್ರೆ ಸಮಾವೇಶಗಳಿಂದ ಆಗುವ ಉಪಯೋಗ ಬೇರೆ. ಒಬ್ಬರನ್ನೊಬ್ಬರು ನೋಡದ ಮುಖಂಡರು ಒಂದೇ ಜೀಪಿನಲ್ಲಿ ಓಡಾಡಬೇಕಾಗುತ್ತದೆ. ಸುಮ್ಮನೆ ಕೂತಿದ್ದ ಕಾರ್ಯಕರ್ತ ಎದ್ದು ಬಾವುಟ ಹುಡುಕುತ್ತಾನೆ.

ನನ್ನ ಅಂದಾಜಿನಲ್ಲಿ ಕೆಲಸ ಮಾಡಿದ್ದು ಗ್ಯಾರಂಟಿ ಕಾರ್ಡು. ಎರಡು ಸಾವಿರ ರೂಪಾಯಿ, 200 ಯೂನಿಟ್ ಕರೆಂಟು, ಹತ್ತು ಕೆಜಿ ಅಕ್ಕಿ, ಇವು ಎಲ್ಲರಿಗೂ ಗೊತ್ತು. ಕಾರ್ಡಿನ ಜಾಣತನ ಬೇರೆ ಕಡೆ ಇತ್ತು. ಅದನ್ನು ಮೈಕಿನಲ್ಲಿ ಕೂಗಿ ಮುಗಿಸಲು ಆಗುವುದಿಲ್ಲ. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಸಹಿ ಇರುವ ಕಾಗದವನ್ನು ಮನೆಗೆ ಹೋಗಿ ಕೈಗೆ ಕೊಡಬೇಕು. ಅಂದರೆ ಕಾರ್ಯಕರ್ತ ಪ್ರತಿ ಬಾಗಿಲು ಬಡಿಯಲೇಬೇಕು. ಒಳಗಿನಿಂದ ಬಂದ ಅಕ್ಕನೋ ಅಜ್ಜಿಯೋ ಅವನನ್ನು ನಾಲ್ಕು ಪ್ರಶ್ನೆ ಕೇಳಲೇಬೇಕು. ಬಿಜೆಪಿಯವರ ಪೇಜ್ ಪ್ರಮುಖ್ ಪದ್ಧತಿಯ ಉದ್ದೇಶವೂ ಇದೇ. ಮತದಾರರ ಪಟ್ಟಿಯ ಒಂದು ಹಾಳೆಗೆ ಒಬ್ಬ ಕಾರ್ಯಕರ್ತ, ಆ ಹಾಳೆಯಲ್ಲಿರುವ ಮನೆಗಳೆಲ್ಲ ಅವನ ಜವಾಬ್ದಾರಿ. ಸಂಘಟನೆಯಲ್ಲಿ ಬಿಜೆಪಿ ಮುಂದಿದೆ ಎನ್ನುವುದು ಸುಳ್ಳಲ್ಲ. ಆದರೆ ಹಾಳೆ ಹಿಡಿದು ಮನೆಗೆ ಹೋದವನ ಕೈಯಲ್ಲಿ ಹೇಳುವುದಕ್ಕೆ ಏನಾದರೂ ಇರಬೇಕಲ್ವಾ? 2023ರಲ್ಲಿ ಅವನ ಎದುರು ಬಂದ ಪ್ರಶ್ನೆ ಗ್ಯಾಸ್ ಸಿಲಿಂಡರಿನ ರೇಟು, ಶೇ 40ರ ಕಮಿಷನ್ ಆರೋಪ. ಉತ್ತರ ಹಾಳೆಯಲ್ಲಿ ಇರಲಿಲ್ಲ.

ದುಡ್ಡಿನ ಮಾತು ಒಂದು. ವಿಧಾನಸಭಾ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 40 ಲಕ್ಷ. ನಗಬೇಡಿ, ಕಾನೂನು ಹಾಗೇ ಇದೆ. ಪಕ್ಷ ಮಾಡುವ ಖರ್ಚಿಗೆ ಮಿತಿ ಇಲ್ಲ. ಸ್ಟಾರ್ ಪ್ರಚಾರಕರ ಓಡಾಟದ ಖರ್ಚು ಪಕ್ಷದ ಲೆಕ್ಕಕ್ಕೆ ಹೋಗುತ್ತದೆ. ಆದರೆ ಅಭ್ಯರ್ಥಿ ಅವರ ಜೊತೆ ವೇದಿಕೆ ಹಂಚಿಕೊಂಡರೆ ಸಭೆಯ ಖರ್ಚಿನಲ್ಲಿ ಪಾಲು ಅವನ ತಲೆಗೂ ಬರುತ್ತದೆ. ದೊಡ್ಡ ಸಭೆಗಳಲ್ಲಿ ಅಭ್ಯರ್ಥಿಗಳ ಹೆಸರು, ಫೋಟೊ ವಿಷಯದಲ್ಲಿ ಅಷ್ಟು ಎಚ್ಚರ ಯಾಕೆ ಎನ್ನುವುದಕ್ಕೆ ಇದೂ ಒಂದು ಕಾರಣ.

ನೀರಿನ ವಿಷಯ ಬಿಟ್ಟು ಬಯಲುಸೀಮೆಯ ಚುನಾವಣೆ ಬಗ್ಗೆ ಬರೆದರೆ ಹಿರಿಯೂರಿನವರು ಬೈಯುತ್ತಾರೆ. ಭದ್ರಾ ಮೇಲ್ದಂಡೆ ಯೋಜನೆ ಮುಗಿದರೆ ಚಿತ್ರದುರ್ಗ, ತುಮಕೂರು, ದಾವಣಗೆರೆ, ಚಿಕ್ಕಮಗಳೂರು ಸೇರಿ 2.25 ಲಕ್ಷ ಹೆಕ್ಟೇರಿಗೆ ನೀರು ಸಿಗಬೇಕು. 2023ರ ಫೆಬ್ರುವರಿಯಲ್ಲಿ, ಚುನಾವಣೆಗೆ ಮೂರು ತಿಂಗಳಿರುವಾಗ, ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ಘೋಷಣೆಯಾಯಿತು. ಅದಕ್ಕೂ ಮೊದಲು, 2022ರ ಸೆಪ್ಟೆಂಬರಿನಲ್ಲಿ, ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ಬಳಿಕ ಮೊದಲ ಸಲ ತುಂಬಿ ಕೋಡಿ ಬಿದ್ದಿತ್ತು. 89 ವರ್ಷ! ಮಾರಿ ಕಣಿವೆಯಲ್ಲಿ ಜಾತ್ರೆ ಹಾಗೆ ಜನ. ಆಡಳಿತದಲ್ಲಿದ್ದದ್ದು ಬಿಜೆಪಿ, ಹಿರಿಯೂರಿನ ಶಾಸಕಿ ಬಿಜೆಪಿಯ ಕೆ. ಪೂರ್ಣಿಮಾ. ಇದಕ್ಕಿಂತ ಒಳ್ಳೆ ಪ್ರಚಾರ ಸಾಮಗ್ರಿ ಯಾವ ಪಕ್ಷಕ್ಕೆ ಸಿಗುತ್ತದೆ? ಎಂಟು ತಿಂಗಳ ಮೇಲೆ ಪೂರ್ಣಿಮಾ ಸೋತರು, ಸುಧಾಕರ್ ಗೆದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಪೂರ್ಣಿಮಾ ಕಾಂಗ್ರೆಸ್ ಸೇರಿದರು.

ತುಂಬಿದ ಡ್ಯಾಮು ಯಾಕೆ ಓಟಾಗಲಿಲ್ಲ? ಮಳೆ ಬಂದು ತುಂಬಿದ ನೀರನ್ನು ರೈತ ದೇವರ ಲೆಕ್ಕಕ್ಕೆ ಬರೆಯುತ್ತಾನೆ. ಸರ್ಕಾರದ ಲೆಕ್ಕಕ್ಕೆ ಬರೆಯುವುದು ತನ್ನ ಹೊಲದ ಕಾಲುವೆ. ಕಾಲುವೆ ಬರುವುದಕ್ಕೆ ಐದು ವರ್ಷ ಸಾಲದು. 5,300 ಕೋಟಿಯೂ ಹಾಗೇ ಆಯಿತು. ದುಡ್ಡು ಬಾರದೆ ಇದ್ದಾಗ ಆ ಅಂಕಿಯೇ ಕಾಂಗ್ರೆಸ್ಸಿನ ಪ್ರಚಾರದ ಸಾಮಾನಾಯಿತು. ಬಿಜೆಪಿ ಅಚ್ಚು ಹಾಕಿಸಿದ ಅಂಕಿ, ಓದಿದ್ದು ಎದುರಿನವರು.

ಇಷ್ಟಾದರೂ 2024ರಲ್ಲಿ ಏನಾಯಿತು ನೋಡಿ. ಚಿತ್ರದುರ್ಗ ಲೋಕಸಭಾ ಕ್ಷೇತ್ರ ಅಂದರೆ ಈ ಆರು ಸೀಟು, ಜೊತೆಗೆ ತುಮಕೂರು ಜಿಲ್ಲೆಯ ಶಿರಾ, ಪಾವಗಡ. ಎಂಟರಲ್ಲಿ ಏಳು ಕಡೆ ಕಾಂಗ್ರೆಸ್ ಶಾಸಕರು. ಗ್ಯಾರಂಟಿ ದುಡ್ಡು ಖಾತೆಗೆ ಬೀಳಲು ಶುರುವಾಗಿತ್ತು, ಬಸ್ಸಿನಲ್ಲಿ ಹೆಂಗಸರು ಫ್ರೀ ಓಡಾಡುತ್ತಿದ್ದರು. ಬಿಜೆಪಿ ಕೊಟ್ಟ ಅಭ್ಯರ್ಥಿ ಗೋವಿಂದ ಕಾರಜೋಳ, ಮುಧೋಳದವರು, ಹೊರಗಿನವರು, ಹಿಂದಿನ ವರ್ಷ ತಮ್ಮ ಊರಲ್ಲೇ ಸೋತಿದ್ದವರು. ಅವರು ಕಾಂಗ್ರೆಸ್ಸಿನ ಬಿ.ಎನ್. ಚಂದ್ರಪ್ಪ ಅವರನ್ನು 48 ಸಾವಿರದ ಆಸುಪಾಸಿನ ಲೀಡಿನಲ್ಲಿ ಸೋಲಿಸಿದರು.

ಒಂದೇ ವರ್ಷ, ಅದೇ ಬೂತು, ಅದೇ ಜನ. ಟೀ ಅಂಗಡಿಯಲ್ಲಿ ಕೇಳಿದರೆ ಉತ್ತರ ಸಿಗುತ್ತದೆ: ಅದು ಎಂಪಿ ಓಟು, ಇದು ಎಂಎಲ್ಎ ಓಟು. ಡೆಲ್ಲಿಗೆ ಯಾರು ಬೇಕು ಎನ್ನುವಾಗ ಅಭ್ಯರ್ಥಿಯ ಊರು ಯಾರಿಗೂ ಬೇಕಿಲ್ಲ. ತಹಶೀಲ್ದಾರ್ ಆಫೀಸಿಗೆ ಫೋನ್ ಮಾಡಿಸಲು ಯಾರು ಬೇಕು ಎನ್ನುವಾಗ ಡೆಲ್ಲಿ ಬೇಕಿಲ್ಲ. ಇನ್ನೊಂದು ಕಾರಣ ನಾನು ಮೊದಲು ಹೇಳಿದ ಮಾತಿಗೇ ಸೇರುತ್ತದೆ. ಆ ಸಲ ಹೊಳಲ್ಕೆರೆ ಶಾಸಕ ಎಂ. ಚಂದ್ರಪ್ಪ ತಮ್ಮ ಮಗನಿಗೆ ಟಿಕೆಟ್ ಕೇಳಿದ್ದರು. ಸಿಗದಾಗ ಬಹಿರಂಗವಾಗೇ ಸಿಟ್ಟಾದರು. ಬಂಡಾಯದ ಮಾತು ಬಂತು. ನಾಯಕರು ಕರೆದು ಮಾತಾಡಿದರು, ಮುನಿಸು ತಣ್ಣಗಾಯಿತು, ಬಂಡಾಯ ಕಣಕ್ಕೆ ಬರಲಿಲ್ಲ. 2023ರಲ್ಲಿ ಹೊಸದುರ್ಗದಲ್ಲಿ ಮಾಡಲಾಗದ ಕೆಲಸವನ್ನು 2024ರಲ್ಲಿ ಮಾಡಿದರು.

ಈಗ 2028ರ ಕಡೆ. 2023ರ ಸೆಪ್ಟೆಂಬರಿನಿಂದ ಬಿಜೆಪಿ, ಜೆಡಿಎಸ್ ಒಟ್ಟಿಗಿವೆ. 2018ರಲ್ಲಿ ಚಿತ್ರದುರ್ಗದಲ್ಲೂ ಚಳ್ಳಕೆರೆಯಲ್ಲೂ ಎರಡನೇ ಸ್ಥಾನದಲ್ಲಿದ್ದದ್ದು ಜೆಡಿಎಸ್. ಎರಡೂ ಪಕ್ಷದ ಓಟು ಕೂಡಿಸಿ ಗೆದ್ದೇಬಿಟ್ಟೆವು ಎಂದು ಲೆಕ್ಕ ಹಾಕುವವರಿದ್ದಾರೆ. ಅವರಿಗೆ ಒಂದು ಪ್ರಶ್ನೆ: 2018ರಲ್ಲಿ ಚಿತ್ರದುರ್ಗದಲ್ಲಿ ಜೆಡಿಎಸ್ ಅಭ್ಯರ್ಥಿ ಯಾರಿದ್ದರು? ಕೆ.ಸಿ. ವೀರೇಂದ್ರ. ಅವರೇ 2023ರಲ್ಲಿ ಕಾಂಗ್ರೆಸ್ಸಿನಿಂದ ನಿಂತು, ಹಲವು ಸಲ ಶಾಸಕರಾಗಿದ್ದ ಬಿಜೆಪಿಯ ಜಿ.ಎಚ್. ತಿಪ್ಪಾರೆಡ್ಡಿ ಅವರನ್ನು ಸೋಲಿಸಿದರು. ಜೆಡಿಎಸ್ ಓಟು ಎಂದು ಕಾಗದದಲ್ಲಿ ಕಂಡಿದ್ದು ಬಹುಪಾಲು ಆ ಅಭ್ಯರ್ಥಿಯ ಓಟು. ಅವರು ಹೊರಟಾಗ ಅದೂ ಹೊರಟಿತು.

ಕಾಂಗ್ರೆಸ್ಸಿಗೆ ಬೇರೆ ತೊಂದರೆ. ಕೊಡುತ್ತೇವೆ ಎನ್ನುವ ಮಾತಿಗೆ ಇರುವ ಜೋರು ಕೊಟ್ಟಿದ್ದೇವೆ ಎನ್ನುವುದಕ್ಕೆ ಇರುವುದಿಲ್ಲ. ತಿಂಗಳ ಎರಡು ಸಾವಿರ ಬಂದಾಗ ಅದು ರೂಢಿ. ತಡವಾದಾಗ ಅದು ಸುದ್ದಿ. 2025ರಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯನ್ನು ಮೂರು ಗುಂಪಿಗೆ ಶೇ 6, 6, 5 ಎಂದು ಹಂಚಿದ್ದು ಮಾದಿಗರ ಹಳೆ ಹೋರಾಟಕ್ಕೆ ಸಿಕ್ಕ ಉತ್ತರ. ಆದರೆ ಹೊಳಲ್ಕೆರೆ, ಹೊಸದುರ್ಗದ ಭೋವಿ, ಲಂಬಾಣಿ ಕೇರಿಗಳಲ್ಲಿ ಅದನ್ನು ಹೇಗೆ ಹೇಳಬೇಕು ಎನ್ನುವುದು ಬೇರೆ ಪರೀಕ್ಷೆ. ಪಂಕ್ತಿಯ ಮಾತು ಇಲ್ಲೂ ಅನ್ವಯ.

ಎರಡೂ ಪಕ್ಷಕ್ಕೆ ಸೇರಿದ ಕಷ್ಟ ಒಂದಿದೆ, ಅದರ ಬಗ್ಗೆ ಮಾತು ಕಡಿಮೆ. ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿಗೆ 2016ರಲ್ಲಿ ಚುನಾವಣೆ ಆಗಿತ್ತು. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಶಾಸಕರ ಪ್ರಚಾರ ಎಳೆಯುವ ಎತ್ತುಗಳು ಈ ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿ ಸದಸ್ಯರು. ಹಳ್ಳಿಯ ಜಗಳ ಬಿಡಿಸುವವರು, ಆಸ್ಪತ್ರೆಗೆ ಕರೆದೊಯ್ಯುವವರು, ಬೂತಿನ ಏಜೆಂಟ್ ಯಾರಾಗಬೇಕು ಎಂದು ಗೊತ್ತಿರುವವರು. ಅವರಿಗೆ ಹುದ್ದೆ ಇಲ್ಲ, ಹೊಸಬರಿಗೆ ಅವಕಾಶ ಇಲ್ಲ. ಹೀಗೆ ಖಾಲಿ ಕೂತವರೇ ಪಕ್ಷ ಬಿಡುವ ಮುಖಂಡನ ಕಾರು ಮೊದಲು ಹತ್ತುತ್ತಾರೆ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ತೇರಿನ ದಿನ ಮುಕ್ತಿ ಬಾವುಟ ಹರಾಜಾಗುತ್ತದೆ. ಲಕ್ಷಗಟ್ಟಲೆ ಕೂಗುತ್ತಾರೆ, ಕೂಗುವವರಲ್ಲಿ ರಾಜಕಾರಣಿಗಳೂ ಇರುತ್ತಾರೆ. "ಮಾಡಿದಷ್ಟು ನೀಡು ಭಿಕ್ಷೆ" ಎಂದ ಸ್ವಾಮಿಯ ಜಾತ್ರೆ ಅದು. ವಿಧಾನಸಭಾ ಚುನಾವಣೆ ಮೇ ತಿಂಗಳಲ್ಲಿ ಬಂದರೆ, ಜಾತ್ರೆ ಅದಕ್ಕಿಂತ ಒಂದೆರಡು ತಿಂಗಳು ಮೊದಲು. 2028ರಲ್ಲಿ ಯಾರು ಬಾವುಟ ಕೂಗಿದರು ಎಂದು ಕ್ಯಾಮೆರಾ ತೋರಿಸುತ್ತದೆ. ನಾನಾಗಿದ್ದರೆ ಟಿಕೆಟ್ ಪಟ್ಟಿ ಬಿಡುಗಡೆಯಾದ ಮಾರನೇ ದಿನ ಹೊಸದುರ್ಗಕ್ಕೋ ಮೊಳಕಾಲ್ಮೂರಿಗೋ ಹೋಗಿ, ಟಿಕೆಟ್ ಸಿಗದವರ ಮನೆ ಮುಂದೆ ಎಷ್ಟು ಕಾರು ನಿಂತಿವೆ ಎಂದು ಎಣಿಸುತ್ತೇನೆ.